ತಂಪಕ್ಕ ಮತ್ತು ವ್ಯಾನಿನೊಳಗಿನ ಸಿಹಿ ವಾಸನೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗ್ಯಾರೇಜಿನ ಮುಂದಿನ ಸಿಮೆಂಟು ನೆಲದಲ್ಲಿ ನಿಂತಿರುವ ಹಳೆಯ ವ್ಯಾನಿನ ಅಡಿಯಿಂದ ಎರಡು ಕಾಲುಗಳು ಮಾತ್ರ ಹೊರಗೆ ಚಾಚಿಕೊಂಡಿವೆ. ಒಂದು ಕಾಲಿನಲ್ಲಿ ಚಪ್ಪಲಿ ಇದೆ, ಇನ್ನೊಂದರದ್ದು ಪಕ್ಕದಲ್ಲಿ ಬಿದ್ದಿದೆ. ಪತ್ರಿಕೆಗೆ ಬರೆಯಲೆಂದು ಬಂದ ನನ್ನ ಹೆಜ್ಜೆಯ ಸದ್ದು ಕೇಳಿ ಕೆಳಗಿನಿಂದಲೇ ಮಾತು ಬರುತ್ತದೆ: "ಬಂದ್ರಾ? ಫ್ಲಾಸ್ಕಲ್ಲಿ ಟೀ ಇದೆ, ಕುಡೀರಿ. ಗಾಡಿ ಮಾತ್ರ ಸ್ಟಾರ್ಟ್ ಮಾಡ್ಬೇಡಿ. ಅದಿನ್ನೂ ಎದ್ದಿಲ್ಲ."

ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ರಟ್ಟಿನ ಹಾಳೆಯನ್ನು ಎಳೆದುಕೊಂಡು ಅವರು ಹೊರಗೆ ಬರುತ್ತಾರೆ. ಐವತ್ತು ದಾಟಿದ ಹೆಂಗಸು. ಗಂಟು ಕಟ್ಟಿದ ಕೂದಲಿನಲ್ಲಿ ಸಿಕ್ಕಿಸಿಕೊಂಡ ಪೆನ್ ಟಾರ್ಚು, ಮೊಣಕೈವರೆಗೆ ಮಡಚಿದ ಗಂಡಸರ ಅಂಗಿ. ರಟ್ಟನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಮೂಲೆ ಮೂಲೆ ನೋಡುತ್ತಾರೆ. ನಿನ್ನೆ ಸಂಜೆ ಎಂಜಿನ್ನಿನ ಕೆಳಗೆ ಹಾಸಿಟ್ಟಿದ್ದ ರಟ್ಟು ಅದು. ಎಲ್ಲಿಂದಾದರೂ ನೀರು ತೊಟ್ಟಿಕ್ಕಿದ್ದರೆ ಗುರುತು ಬಿದ್ದಿರಬೇಕು. ಬಿದ್ದಿಲ್ಲ.

"ಗಾಡಿ ರಾತ್ರಿ ಮಲಗಿದ ಜಾಗ ನೋಡ್ಬೇಕು, ಮಗು ಮಲಗಿದ ಹಾಸಿಗೆ ನೋಡಿದ ಹಾಗೆ. ಎಲ್ಲಿ ಒದ್ದೆ ಮಾಡಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗೀತು," ಎನ್ನುತ್ತಾರೆ. "ಇದು ನೋಡಿ, ಒಂದು ತೊಟ್ಟೂ ಇಲ್ಲ. ಇಷ್ಟು ಒಳ್ಳೆ ಮಗುವನ್ನ ನಾನು ನಂಬಲ್ಲ."

ಈ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ತಂಪಕ್ಕ ಎಂದೇ. ಹಳೆಯ ಕಾರು, ವ್ಯಾನು, ಸಣ್ಣ ಲಾರಿಗಳ ಎಂಜಿನ್ ಕುದಿದು ನಿಂತರೆ ಎಳೆದು ತರುವುದು ಇಲ್ಲಿಗೆ. ಬ್ರೇಕು, ಗೇರು ಅವರ ಪಾಲಿನ ಕೆಲಸವಲ್ಲ. ಕಾವು ಏರುವುದು, ನೀರು ಇಂಗುವುದು, ಆವಿ ಏಳುವುದು, ಇಷ್ಟೇ ಅವರ ಪ್ರಪಂಚ. ದಿನಕ್ಕೆ ನಾಲ್ಕೈದು ಗಾಡಿಗಳು ಬರುತ್ತವೆ, ಬೇಸಿಗೆಯಲ್ಲಾದರೆ ಬೀದಿಯ ತಿರುವಿನವರೆಗೂ ಸಾಲು. ಪಕ್ಕದ ಶೆಡ್ಡಿನಲ್ಲಿ ಗಾಡಿಗಳ ಸೀಟು ಹೊಲಿಯುವ ಅವರ ಗಂಡ, ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಒಂದು ತಿದ್ದುಪಡಿ ಸೇರಿಸುತ್ತಾರೆ: "ತಂಪು ಅನ್ನೋ ಹೆಸರು ಎಂಜಿನ್ನಿಗೆ ಮಾತ್ರ ಅನ್ವಯ. ಮನೆಯವರಿಗೆ ಅಲ್ಲ. ಬರ್ಕೊಳ್ಳಿ."

"ಬರ್ಕೊಳ್ಳಿ ಬರ್ಕೊಳ್ಳಿ," ಎನ್ನುತ್ತಾ ತಂಪಕ್ಕ ಬಾನೆಟ್ ಎತ್ತುತ್ತಾರೆ.

ಈ ವ್ಯಾನು ಬೆಟ್ಟದ ಮೇಲಿರುವ ವ್ಯಾಯಾಮ ಚಿಕಿತ್ಸೆಯ ಕೇಂದ್ರದ್ದು. ಪಾರ್ಶ್ವವಾಯು ಹೊಡೆದವರು, ಬಿದ್ದು ಸೊಂಟ ಮುರಿದುಕೊಂಡವರು, ನಡಿಗೆಯನ್ನು ಹೊಸದಾಗಿ ಕಲಿಯುತ್ತಿರುವವರು ಇದರ ಪ್ರಯಾಣಿಕರು. ದಿನಾ ಬೆಳಿಗ್ಗೆ ಅವರವರ ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಹೋಗಿ, ಮಧ್ಯಾಹ್ನ ತಂದು ಇಳಿಸುತ್ತದೆ. ಚಳಿ ಶುರುವಾದಾಗಿನಿಂದ ಏರು ರಸ್ತೆಯ ನಡುವೆ ಕುದಿದು ನಿಲ್ಲುತ್ತಿದೆ. ಮೊದಲ ಗ್ಯಾರೇಜಿನವರು ರೇಡಿಯೇಟರನ್ನೇ ಬದಲಿಸಿದರು. ಎರಡನೆಯವರು ಹೋಸ್ ಪೈಪುಗಳನ್ನೂ ಥರ್ಮೋಸ್ಟಾಟನ್ನೂ ಹೊಸದು ಹಾಕಿದರು. ಮೂರನೆಯವರು ಎಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚದೆ ದಾರಿಯಿಲ್ಲ ಎಂದುಬಿಟ್ಟರು. ಅಷ್ಟರಲ್ಲಿ ಕೇಂದ್ರದವರ ತಾಳ್ಮೆ ಮುಗಿದಿತ್ತು. ಈ ವಾರದೊಳಗೆ ಸರಿಹೋಗದಿದ್ದರೆ ಗಾಡಿಯನ್ನು ಗುಜರಿಗೆ ಹಾಕುವುದು, ಬೇಕಾದವರು ತಮ್ಮ ವ್ಯವಸ್ಥೆ ತಾವೇ ಮಾಡಿಕೊಂಡು ಬರಲಿ ಎಂದು ತೀರ್ಮಾನವಾಗಿದೆ.

ವ್ಯಾನಿನ ಡ್ರೈವರ್ ಗ್ಯಾರೇಜಿನ ಬಾಗಿಲಿಗೆ ಒರಗಿ ನಿಂತಿದ್ದಾನೆ. "ನನಗೇನು ಅಕ್ಕ, ಇನ್ನೊಂದು ಗಾಡಿ ಓಡಿಸ್ತೀನಿ. ಪೇಷಂಟುಗಳು ಹೇಗೆ ಹೋಗ್ತಾರೆ? ಎರಡು ಮೆಟ್ಟಿಲು ಹತ್ಸೋಕೇ ನಾನು ಒಂದ್ಕಡೆ ಮನೆಯವ್ರು ಒಂದ್ಕಡೆ ಹಿಡ್ಕೋಬೇಕು."

ತಂಪಕ್ಕ ಆಗಲೇ ಬಾನೆಟ್ಟಿನೊಳಗೆ ಬಗ್ಗಿದ್ದಾರೆ. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಹೊರಗೆಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ನೋಡುತ್ತಾರೆ. "ಎಂಜಿನ್ ಒಳಗೆ ನೀರು ನುಗ್ಗಿದ್ರೆ ಆಯಿಲ್ ಹಾಲು ಬೆರೆತ ಟೀ ಥರ ಆಗತ್ತೆ. ಇದು ಶುದ್ಧವಾಗಿದೆ." ನಂತರ ತಣ್ಣಗಿರುವ ರೇಡಿಯೇಟರಿನ ಮುಚ್ಚಳ ತೆಗೆದಿಟ್ಟು ಗಾಡಿ ಸ್ಟಾರ್ಟ್ ಮಾಡಿಸುತ್ತಾರೆ. ಎಂಜಿನ್ನನ್ನು ತಂಪಾಗಿಡುವ ಹಸಿರು ನೀರಿನ, ಅಂದರೆ ಕೂಲೆಂಟಿನ ಮೇಲೆ ಗುಳ್ಳೆಗಳೇಳುತ್ತವೆಯೇ ಎಂದು ಬಗ್ಗಿ ನೋಡುತ್ತಾರೆ. ಏಳುವುದಿಲ್ಲ. ಹಿಂದೆ ಹೋಗಿ ಹೊಗೆ ನೋಡುತ್ತಾರೆ. ಬಿಳಿ ಹೊಗೆಯೂ ಇಲ್ಲ. "ಹೆಡ್ಡು ಗಟ್ಟಿಯಾಗಿದೆ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೋಬೇಕು ಅಂದಿದಾರೆ ಪುಣ್ಯಾತ್ಮರು."

ಹಾಗಾದರೆ ನೀರು ಹೋಗುತ್ತಿರುವುದೆಲ್ಲಿಗೆ? ಎಂಜಿನ್ ಆರಿಸಿ, ತಣಿಯಲು ಬಿಟ್ಟು, ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪಿನಂಥ ಒಂದು ಸಾಧನ ಸಿಕ್ಕಿಸಿ ಗಾಳಿ ಒತ್ತುತ್ತಾರೆ. ಎಲ್ಲಿಯಾದರೂ ಸೋರಿಕೆಯಿದ್ದರೆ ಮಾಪಕದ ಮುಳ್ಳು ನಿಧಾನಕ್ಕೆ ಕೆಳಗಿಳಿಯಬೇಕು. ನಾವು ಮೂವರೂ ಮುಳ್ಳನ್ನೇ ನೋಡುತ್ತಾ ಟೀ ಕುಡಿಯುತ್ತೇವೆ. ಟೀ ಮುಗಿಯುತ್ತದೆ, ಮುಳ್ಳು ಕದಲುವುದಿಲ್ಲ. ಕೊನೆಗೆ ತಂಪಕ್ಕ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತು ಬೆಟ್ಟ ಹತ್ತಿ ಇಳಿದು ಬರುತ್ತಾರೆ. ಎಂಜಿನ್ ಆರಿದ ಮೇಲೆ ಅಳೆದರೆ ನೀರು ಇದ್ದಷ್ಟೇ ಇದೆ.

"ನಾವಿಬ್ರು ಹೋದ್ರೆ ಏನೂ ಆಗಲ್ಲ. ಪೇಷಂಟುಗಳು ಕೂತ್ರೆ ನೀರು ಮಾಯ," ಎನ್ನುತ್ತಾನೆ ಡ್ರೈವರ್. "ಅಜ್ಜ ಅಜ್ಜಿಯರೇನು ಪೈಪಿಗೆ ಬಾಯಿ ಹಚ್ಚಿ ಕುಡೀತಾರಾ ಅಕ್ಕ?"

ಅವನು ನಗೆಗೆಂದು ಹೇಳಿದ ಮಾತು. ತಂಪಕ್ಕ ನಗುವುದಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಾರೆ. "ನಾಳೆ ಅವ್ರ ಜೊತೆ ನಾನೂ ಬರ್ತೀನಿ," ಎನ್ನುತ್ತಾರೆ.

ಆ ದಿನ ಉಳಿದ ಗಾಡಿಗಳ ಕೆಲಸ ನಡೆಯುವಾಗ, ತಂಪಕ್ಕ ಈ ಕಸುಬಿಗೆ ಬಂದ ಕಥೆಯನ್ನು ಅವರ ಅಣ್ಣನಿಂದ ಕೇಳುತ್ತೇನೆ. ಗ್ಯಾರೇಜು ಮೊದಲು ಅಣ್ಣನದು. ಈಗ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಗಿರಾಕಿಗಳನ್ನು ಮಾತನಾಡಿಸುವುದು ಅವರ ಕೆಲಸ. ಎಡಗೈಯ ಮೇಲೆ ಮಣಿಕಟ್ಟಿನಿಂದ ಭುಜದವರೆಗೆ ಹಳೆಯ ಸುಟ್ಟ ಕಲೆ. "ಇವ್ಳು ಆಗ ನನಗೆ ಊಟ ತರೋಳು. ಊಟ ಕೊಟ್ಟು ಮನೆಗೆ ಹೋಗು ಅಂದ್ರೆ ಹೋಗ್ತಿರ್ಲಿಲ್ಲ, ಟಾರ್ಚ್ ಹಿಡೀತೀನಿ ಅಂತ ನಿಲ್ಲೋಳು. ಒಂದಿನ ಒಬ್ಬ ಗಿರಾಕಿ ಅವಸರ ಮಾಡಿದ. ನಾನೂ ಬಿಸಿ ಇರೋವಾಗ್ಲೇ ಮುಚ್ಚಳ ತಿರುಗಿಸಿದೆ. ಅಷ್ಟೇ, ಕುದಿಯೋ ನೀರು ಕಾರಂಜಿ ಥರ ಎದ್ದು ಬಂತು."

ಅಣ್ಣ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಂಗಳದಲ್ಲಿ ಅರ್ಧ ಬಿಚ್ಚಿದ ಗಾಡಿಗಳು ಬಾಯಿ ತೆರೆದುಕೊಂಡು ನಿಂತಿದ್ದವು. ಒಂದನ್ನಾದರೂ ಜೋಡಿಸಿ ಕಳಿಸೋಣ ಎಂದು ತಂಗಿ ಸ್ಪ್ಯಾನರ್ ಹಿಡಿದರು. ಕೈಯ ಬ್ಯಾಂಡೇಜು ಬಿಚ್ಚಿಸಿಕೊಂಡು ಅಣ್ಣ ವಾಪಸಾಗುವಷ್ಟರಲ್ಲಿ ಅಂಗಳ ಖಾಲಿಯಾಗಿತ್ತು. "ನಾನು ಬಂದು ನೋಡ್ತೀನಿ, ನನಗೆ ಕೆಲಸಾನೇ ಇಲ್ಲ. ಅವತ್ತಿಂದ ಕುರ್ಚಿ ಮೇಲೆ ಕೂತಿದೀನಿ," ಎಂದು ಅಣ್ಣ ಹೊಟ್ಟೆ ಕುಲುಕಿಸಿ ನಗುತ್ತಾರೆ.

ಮೊದಮೊದಲು ಗಿರಾಕಿಗಳನ್ನು ನಂಬಿಸುವುದೇ ಕಷ್ಟವಾಗಿತ್ತು. ಬಂದವರು ತಂಪಕ್ಕನನ್ನು ದಾಟಿ ಒಳಗೆ ಇಣುಕಿ, "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುತ್ತಿದ್ದರು. ಹೆಂಗಸು ಕೈ ಹಾಕಿದ ಎಂಜಿನ್ ಎಷ್ಟು ದಿನ ಬಾಳೀತು ಎಂದು ಗಾಡಿಯನ್ನು ತಳ್ಳಿಕೊಂಡು ಹೋದವರೂ ಇದ್ದಾರೆ. ಅಂಥ ದಿನಗಳಲ್ಲಿ ಕೆಲಸವಿಲ್ಲದೆ ಸಂಜೆವರೆಗೆ ಸ್ಪ್ಯಾನರುಗಳನ್ನೇ ಒರೆಸಿ ಒರೆಸಿ ಇಟ್ಟದ್ದುಂಟು. "ಬೇಜಾರಾಗ್ತಿತ್ತು. ಆದ್ರೆ ತಳ್ಕೊಂಡು ಹೋದ ಗಾಡಿ ದಾರೀಲಿ ಕುದಿದು ಮತ್ತೆ ಇಲ್ಲಿಗೇ ಬರೋದು. ನಾನು ಏನೂ ಅಂತಿರ್ಲಿಲ್ಲ. ನೀರು ಕೊಟ್ಟು ಕೂರ್ಸ್ತಿದ್ದೆ." ಗಂಡನ ಪರಿಚಯವಾದದ್ದೂ ಇದೇ ಅಂಗಳದಲ್ಲಿ, ಒಂದೇ ಕಾರಿನಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದಾಗ. "ಅವ್ರು ಸೀಟಿನ ಮೇಲೆ, ನಾನು ಚಕ್ರದ ಪಕ್ಕ ನೆಲದಲ್ಲಿ. ಎರಡು ದಿನ ಬರೀ ಮಾತೇ ಕೇಳಿಸ್ತಿತ್ತು, ಮುಖ ಕಂಡಿರ್ಲಿಲ್ಲ," ಎನ್ನುತ್ತಾರೆ ತಂಪಕ್ಕ. "ಮುಖ ಕಂಡಾಗ ಅದರ ತುಂಬಾ ಗ್ರೀಸು," ಎಂದು ಶೆಡ್ಡಿನಿಂದ ಉತ್ತರ ಬರುತ್ತದೆ.

ಮರುದಿನ ಬೆಳಿಗ್ಗೆ ವ್ಯಾನಿನ ಕೊನೆಯ ಸೀಟಿನಲ್ಲಿ ನಾನಿದ್ದೇನೆ. ತಂಪಕ್ಕ ನಡುವೆ, ಕಿಟಕಿಯ ಪಕ್ಕ. ಮೊದಲ ಮನೆಯಿಂದ ಹತ್ತಿದವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಗಣಿತ ಕಲಿಸಿ ನಿವೃತ್ತರಾದವರು. ಪಾರ್ಶ್ವವಾಯುವಿನಿಂದ ಎಡಗೈ ಎಡಗಾಲು ಸೋತಿವೆ, ಮಾತೂ ಹೋಗಿದೆ. ಕಾಲು ಚಾಚಲು ಜಾಗವಿರುವುದರಿಂದ ಅವರನ್ನು ಡ್ರೈವರನ ಪಕ್ಕ ಕೂರಿಸುತ್ತಾರೆ. ಅವರ ಬೆನ್ನಿಗೆ ಮಗಳು ಕೂರುತ್ತಾಳೆ. ಮುಂದಿನ ತಿರುವಿನಲ್ಲಿ ಊರುಗೋಲು ಹಿಡಿದ ಅಜ್ಜಿಯೊಬ್ಬರು ಹತ್ತುತ್ತಾರೆ, ಕೂರುವ ಮೊದಲೇ ಅಪ್ಪಣೆ ಕೊಡುತ್ತಾರೆ: "ಹೀಟರ್ ಹಾಕಪ್ಪ, ಕೈಯೆಲ್ಲಾ ಮರಗಟ್ಟಿದೆ."

ಡ್ರೈವರ್ ಗುಂಡಿ ತಿರುಗಿಸುತ್ತಾನೆ. ಬೆಚ್ಚಗಿನ ಗಾಳಿ ಬರುತ್ತದೆ. ಇನ್ನೂ ಇಬ್ಬರು ಹತ್ತಿಕೊಳ್ಳುತ್ತಾರೆ. ಏರು ಶುರುವಾಗುವ ಹೊತ್ತಿಗೆ ಅಜ್ಜಿ ಮೂಗು ಮೇಲೆತ್ತುತ್ತಾರೆ. "ಬಂತು ನೋಡಿ. ಮೇಷ್ಟ್ರು ಮಿಠಾಯಿ ಬಿಚ್ಚಿದ್ರು."

ನಿಜ, ವ್ಯಾನಿನ ತುಂಬ ಸಕ್ಕರೆ ಪಾಕದಂಥ ಒಂದು ವಾಸನೆ. ಮಗಳು ಮುಂದಕ್ಕೆ ಬಾಗಿ ತಂದೆಯ ಕೋಟಿನ ಜೇಬಿಗೆ ಕೈ ಹಾಕುತ್ತಾಳೆ. ಒಂದು ಕರವಸ್ತ್ರ, ಒಂದು ಬಾಚಣಿಗೆ. ಇನ್ನೊಂದು ಜೇಬು ಖಾಲಿ. "ಅಪ್ಪಾ, ಇವತ್ತೂ ತಿಂದ್ರಾ?"

"ಹೌದು," ಎನ್ನುತ್ತಾರೆ ಮೇಷ್ಟ್ರು.

"ಯಾರು ಕೊಟ್ರು? ಡ್ರೈವರಾ?"

"ಹೌದು."

"ಅಯ್ಯೋ ಮೇಷ್ಟ್ರೇ, ನನ್ನನ್ನ ಯಾಕೆ ಸಿಕ್ಕಿಸ್ತೀರಿ," ಎಂದು ಡ್ರೈವರ್ ಹಣೆ ಚಚ್ಚಿಕೊಳ್ಳುತ್ತಾನೆ. "ಮೊನ್ನೆ ಅಜ್ಜಿ ಕೊಟ್ರಾ ಅಂದಾಗ್ಲೂ ಹೌದು ಅಂದ್ರು."

ಮಗಳು ಹಿಂದಕ್ಕೆ ನನ್ನ ಕಡೆ ತಿರುಗಿ ವಿವರಿಸುತ್ತಾಳೆ. ಕಾಯಿಲೆ ಬಿದ್ದ ಮೇಲೆ ಅಪ್ಪನ ಬಾಯಲ್ಲಿ ಉಳಿದಿರುವುದು ಅದೊಂದೇ ಪದ. "ಆಸ್ಪತ್ರೇಲಿ ಮೊದಲ ಸಲ ಹೌದು ಅಂದಾಗ ಮನೆಯವರೆಲ್ಲಾ ಅತ್ತುಬಿಟ್ವಿ, ಸಂತೋಷಕ್ಕೆ. ಈಗ ಏನು ಕೇಳಿದ್ರೂ ಹೌದು. ಸಕ್ಕರೆ ಕಾಯಿಲೆ ಬೇರೆ ಇದೆ ಅವ್ರಿಗೆ. ದಿನಾ ಈ ವಾಸನೆ ಬರತ್ತೆ, ದಿನಾ ಜೇಬು ನೋಡ್ತೀನಿ, ಏನೂ ಸಿಗಲ್ಲ. ರಕ್ತ ಪರೀಕ್ಷೆ ಮಾಡಿದ್ರೆ ಸಕ್ಕರೆ ಸರಿಯಾಗೇ ಇದೆ. ಯಂತ್ರ ಕೆಟ್ಟಿರ್ಬೇಕು ಅಂತ ಹೊಸದು ತಂದಿದೀನಿ."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಎನ್ನುತ್ತಾರೆ ಅಜ್ಜಿ. "ತಿಂದಿಲ್ಲ ಅಂದ್ರೆ ಯಾಕೆ ಹೌದು ಅಂತಾರೆ?"

ಇಷ್ಟು ಹೊತ್ತೂ ತಂಪಕ್ಕನ ಕಣ್ಣು ಮೇಷ್ಟ್ರ ಮೇಲಿದೆ. ನಾನೂ ಆಗ ಗಮನಿಸುತ್ತೇನೆ. ಮೇಷ್ಟ್ರ ಬಾಯಿ ಹೌದು ಎನ್ನುತ್ತಿದ್ದರೂ ತಲೆ ನಿಧಾನವಾಗಿ ಅಡ್ಡಡ್ಡ ಆಡುತ್ತಿದೆ. ಕಣ್ಣುಗಳು ಕನ್ನಡಿಯಲ್ಲಿ ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿವೆ. ತಂಪಕ್ಕ ಎರಡು ಸಲ ಆಳವಾಗಿ ಉಸಿರೆಳೆದುಕೊಳ್ಳುತ್ತಾರೆ.

"ಅಜ್ಜೀ, ಈ ವಾಸನೆ ಯಾವಾಗಿಂದ?"

"ಚಳಿ ಶುರುವಾದಾಗಿಂದ. ಬಾಯಲ್ಲಿ ನೀರು ಬರತ್ತೆ, ನನಗೂ ಒಂದು ಕೊಡಲ್ಲ ಅವ್ರು."

"ಹೀಟರ್ ಹಾಕೋಕೆ ಶುರು ಮಾಡಿದಾಗಿಂದಾನಾ?"

ಡ್ರೈವರನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬರುತ್ತದೆ. "ಅಕ್ಕ, ನಿನ್ನೆ ನಾವಿಬ್ರೇ ಬಂದಾಗ ಹೀಟರ್ ಹಾಕಿರ್ಲಿಲ್ಲ."

"ಗಾಡಿ ಪಕ್ಕಕ್ಕೆ ಹಾಕು," ಎನ್ನುತ್ತಾರೆ ತಂಪಕ್ಕ.

ರಸ್ತೆ ಬದಿಯಲ್ಲಿ ವ್ಯಾನು ನಿಲ್ಲುತ್ತದೆ. ತಂಪಕ್ಕ ಕೆಳಗಿಳಿದು ಮುಂದಿನ ಬಾಗಿಲು ತೆರೆದು ಮೊಣಕಾಲೂರಿ ಕೂರುತ್ತಾರೆ. "ಮೇಷ್ಟ್ರೇ, ನಿಮ್ಮ ಕಾಲು ಸ್ವಲ್ಪ ಎತ್ತಲಾ?" ಎಂದು ಕೇಳಿ, ಸೋತ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಡುತ್ತಾರೆ. ಕೆಳಗಿನ ಮ್ಯಾಟನ್ನು ಬೆರಳಿನಿಂದ ಒತ್ತಿದರೆ ಪಚಕ್ಕೆಂದು ಹಸಿರು ದ್ರವ ಮೇಲೆ ಬರುತ್ತದೆ. ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡುತ್ತಾರೆ. ನೀರಿಗಿಂತ ಜಾರು, ಅಂಟು. ಮೇಷ್ಟ್ರ ಬೂಟು ಬಿಚ್ಚಿದರೆ ಹಸಿರು ಇವತ್ತು ಕಾಲುಚೀಲಕ್ಕೂ ಇಳಿದಿದೆ. ಆ ಕಾಲಿಗೆ ಸ್ಪರ್ಶವಿಲ್ಲ. ಒದ್ದೆಯಾದದ್ದು ಅವರಿಗೆ ತಿಳಿಯುವಂತಿರಲಿಲ್ಲ. ಎಲ್ಲರೂ ಹುಡುಕುತ್ತಿದ್ದ ಬಳ್ಳಿ ಹೀಗೆ ಕಾಲಿಗೇ ತೊಡರಿಕೊಂಡಿದೆ.

ತಂಪಕ್ಕ ಹಸಿರು ಬೆರಳುಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿಯುತ್ತಾರೆ. "ಇದೇ ಮೇಷ್ಟ್ರ ಮಿಠಾಯಿ. ಹೀಟರ್ ಅಂದ್ರೆ ಡ್ಯಾಶ್‌ಬೋರ್ಡ್ ಹಿಂದೆ ಇರೋ ಒಂದು ಪುಟ್ಟ ರೇಡಿಯೇಟರು. ಗುಂಡಿ ತಿರುಗಿಸಿದ್ರೆ ಎಂಜಿನ್ನಿನ ಬಿಸಿ ಕೂಲೆಂಟು ಅದರೊಳಗೆ ಬರತ್ತೆ, ಅದಕ್ಕೇ ಗಾಳಿ ಬೆಚ್ಚಗಾಗೋದು. ಅದು ಎಲ್ಲೋ ತೂತಾಗಿದೆ. ಸೋರಿದ್ದೆಲ್ಲಾ ರಸ್ತೆಗೆ ಬೀಳ್ದೆ ಈ ಮ್ಯಾಟಿಗೆ ಇಳಿದಿದೆ. ಕೂಲೆಂಟು ಬಿಸಿಯಾದ್ರೆ ಸಿಹಿ ವಾಸನೇನೇ ಬರೋದು."

ಹೀಟರ್ ಹಾಕಿದಾಗ ಮಾತ್ರ ಸೋರುತ್ತಿತ್ತು. ಗ್ಯಾರೇಜಿನಲ್ಲಿ ಯಾರೂ ಹೀಟರ್ ಹಾಕಿ ನೋಡಿರಲಿಲ್ಲ. ಅಜ್ಜಿ ಊರುಗೋಲಿನ ಹಿಡಿಯನ್ನು ಎರಡು ಸಲ ತಿರುಗಿಸುತ್ತಾರೆ. ಆಮೇಲೆ, "ಮೇಷ್ಟ್ರೇ, ನನ್ನ ನಾಲಿಗೆ ಸ್ವಲ್ಪ ಉದ್ದ," ಎನ್ನುತ್ತಾರೆ.

"ಹೌದು," ಎನ್ನುತ್ತಾರೆ ಮೇಷ್ಟ್ರು.

ವ್ಯಾನಿಡೀ ಗೊಳ್ಳೆಂದು ನಗುತ್ತದೆ, ಅಜ್ಜಿಯೂ ಸೇರಿ. ಮಗಳು ಮಾತ್ರ ನಗುವುದಿಲ್ಲ. ಇಳಿದು ಬಂದು ತಂದೆಯ ಮುಂದೆ ನಿಲ್ಲುತ್ತಾಳೆ. "ನಾನು ದಿನಾ ಎಲ್ರ ಮುಂದೆ ನಿಮ್ಮ ಜೇಬಿಗೆ ಕೈ ಹಾಕಿದ್ದು ತಪ್ಪು ಅಲ್ವಾ ಅಪ್ಪಾ?"

"ಹೌದು." ಈ ಸಲ ತಲೆ ಅಡ್ಡಡ್ಡ ಆಡುವುದಿಲ್ಲ. ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತದೆ. ಸರಿಯಿರುವ ಬಲಗೈಯನ್ನು ಎತ್ತಿ ಮಗಳ ತಲೆಯ ಮೇಲಿಡುತ್ತಾರೆ, ತರಗತಿಯಲ್ಲಿ ಲೆಕ್ಕ ತಡವಾಗಿ ಬಿಡಿಸಿದ ಹುಡುಗಿಯ ತಲೆ ಸವರುವಂತೆ.

ತಂಪಕ್ಕ ಅಷ್ಟರಲ್ಲಿ ಬಾಟಲಿಯ ನೀರಿನಿಂದ ಆ ಕಾಲನ್ನು ತೊಳೆಯಲು ಶುರುಮಾಡಿದ್ದಾರೆ. "ವಾಸನೆ ಸಿಹಿ ಇರ್ಬಹುದು, ಆದ್ರೆ ಇದು ವಿಷ. ಯಾರೂ ಮುಟ್ಟಿದ ಕೈ ಬಾಯಿಗೆ ಹಚ್ಬೇಡಿ," ಎಂದು ಗದರುತ್ತಾರೆ. ಒದ್ದೆ ಮ್ಯಾಟನ್ನು ಚೀಲಕ್ಕೆ ತುಂಬಿ, ಹೀಟರ್ ಮುಚ್ಚಿ, ಕಿಟಕಿಗಳನ್ನು ಬೆರಳಷ್ಟು ತೆರೆಸುತ್ತಾರೆ. ಎಂಜಿನ್ ತಣಿಯುವವರೆಗೆ ಕಾದು, ಕಡಿಮೆಯಾದಷ್ಟು ಕೂಲೆಂಟು ತುಂಬಿಸುತ್ತಾರೆ. ಡ್ರೈವರ್ ತನ್ನ ಸ್ವೆಟರ್ ಬಿಚ್ಚಿ ಅಜ್ಜಿಗೆ ಕೊಡುತ್ತಾನೆ. ವ್ಯಾನು ಹೊರಡುತ್ತದೆ. ಏರಿನುದ್ದಕ್ಕೂ ಯಾರೂ ಕಿಟಕಿಯ ಹೊರಗೆ ನೋಡುವುದಿಲ್ಲ. ಎಲ್ಲರ ಕಣ್ಣೂ ಡ್ರೈವರನ ಮುಂದಿರುವ ಕಾವಿನ ಮುಳ್ಳಿನ ಮೇಲೆ. ಅದು ನಡುವೆ ಬಂದು ನಿಂತದ್ದು, ಕೇಂದ್ರದ ಗೇಟು ದಾಟುವವರೆಗೂ ಅಲ್ಲಿಂದ ಅಲುಗುವುದಿಲ್ಲ. ಹಿಂದಿನ ಸೀಟಿನಲ್ಲಿದ್ದವರೊಬ್ಬರು ತಮ್ಮ ಒಂದು ಕೈಯಿಂದ ತೊಡೆಯ ಮೇಲೆ ಚಪ್ಪಾಳೆ ತಟ್ಟುತ್ತಾರೆ.

ಆ ಮಧ್ಯಾಹ್ನವೆಲ್ಲ ತಂಪಕ್ಕ ಡ್ಯಾಶ್‌ಬೋರ್ಡ್ ಬಿಚ್ಚುತ್ತಾರೆ. ಹೀಟರಿನ ಪೆಟ್ಟಿಗೆ ಹೊರಗೆ ಬರುವಷ್ಟರಲ್ಲಿ ಬೆರಳಿನ ಗೆಣ್ಣುಗಳೆಲ್ಲ ತರಚಿವೆ. ಅದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಊದಿದಾಗ ಅಂಚಿನ ಬೆಸುಗೆಯಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ಇಷ್ಟು ಹಳೆಯ ಗಾಡಿಯ ಹೀಟರು ಈಗ ಹೊಸದು ಸಿಗುವುದಿಲ್ಲ. ತಂಪಕ್ಕ ಹಳೆಯ ಬೆಸುಗೆಯನ್ನು ಕೆರೆದು ತೆಗೆದು, ಹೊಸದಾಗಿ ಬೆಸೆದು, ಮತ್ತೆ ಮುಳುಗಿಸಿ ನೋಡುತ್ತಾರೆ. ಗುಳ್ಳೆ ಇಲ್ಲ. ಗಂಡ ಹೊಸ ಮ್ಯಾಟು ಕತ್ತರಿಸಿ ಅಂಚು ಹೊಲಿದು ಕೊಡುತ್ತಾರೆ.

ಒಂದು ವಾರದ ನಂತರ ಮತ್ತೆ ಗ್ಯಾರೇಜಿಗೆ ಹೋಗುತ್ತೇನೆ. ವ್ಯಾನು ಹೀಟರ್ ಹಾಕಿಕೊಂಡೇ ದಿನಾ ಬೆಟ್ಟ ಹತ್ತುತ್ತಿದೆ, ಗುಜರಿಯ ಮಾತು ನಿಂತಿದೆ. ಅಜ್ಜಿ ಈಗ ವಾಸನೆಯಿಲ್ಲದೆ ದಾರಿ ಬೇಸರ ಎನ್ನುತ್ತಾರಂತೆ. ತಂಪಕ್ಕನ ಎದುರು ಇವತ್ತು ತರಕಾರಿ ಸಾಗಿಸುವ ಒಂದು ಮುದಿ ಲಾರಿ ಬಾಯಿ ತೆರೆದುಕೊಂಡು ನಿಂತಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಹೊಸ ಜಾಕು ಬೇಕು ಅನ್ನು, ಪೇಪರಲ್ಲಿ ಬರತ್ತೆ," ಎಂದು ಅಣ್ಣ ಕುರ್ಚಿಯಿಂದ ಸೂಚಿಸುತ್ತಾರೆ.

ತಂಪಕ್ಕ ಪ್ರಶ್ನೆಯನ್ನು ನಿಜವಾಗಿಯೇ ಯೋಚಿಸುತ್ತಾರೆ. "ಬಸ್ಸಲ್ಲಿ ಎಲ್ಲಾದ್ರೂ ದೂರ ಹೋಗ್ಬೇಕು. ಎಂಜಿನ್ ಸದ್ದು ಕೇಳಿಸ್ಕೊಳ್ದೆ ಕಿಟಕಿಗೆ ತಲೆ ಕೊಟ್ಟು ಒಳ್ಳೆ ನಿದ್ದೆ ಮಾಡ್ಬೇಕು. ಅಷ್ಟೇ."

"ಆಯ್ತು ಬಿಡಿ," ಎನ್ನುತ್ತಾರೆ ಗಂಡ, ಸೂಜಿಗೆ ದಾರ ಪೋಣಿಸುತ್ತಾ. "ಹೋದ ವರ್ಷ ಇವ್ಳ ಅಕ್ಕನ ಮಗಳ ಮದುವೆಗೆ ಹೊರಟ್ವಿ. ಡ್ರೈವರ್ ಹಿಂದಿನ ಸೀಟೇ ಬೇಕು ಅಂದ್ಲು. ಅರ್ಧ ದಾರೀಲಿ ಎಂಜಿನ್ ಕಾವು ಏರ್ತಾ ಇದೆ ಅಂತ ಬಸ್ ನಿಲ್ಲಿಸಿ, ಡ್ರೈವರನ ಹತ್ರ ಸ್ಪ್ಯಾನರ್ ಇಸ್ಕೊಂಡು, ಫ್ಯಾನ್ ಬೆಲ್ಟ್ ಬಿಗಿ ಮಾಡಿ ಬಂದ್ಲು. ಹೊಸ ಬಟ್ಟೆ ತುಂಬಾ ಗ್ರೀಸು. ಮದುವೆ ಫೋಟೋದಲ್ಲೆಲ್ಲಾ ಹಿಂದಿನ ಸಾಲಲ್ಲಿ ಅವಿತ್ಕೊಂಡು ನಿಂತಿದಾಳೆ."

ತಂಪಕ್ಕ ನಾಚಿಕೊಂಡು ಲಾರಿಯ ಎಂಜಿನ್ನಿನ ಕಡೆ ತಿರುಗುತ್ತಾರೆ. ಹೋಸ್ ಪೈಪಿನ ಕ್ಲಿಪ್ಪೊಂದನ್ನು ಬಿಗಿ ಮಾಡಿ, ಸ್ಪ್ಯಾನರನ್ನು ಕೆಳಗಿಟ್ಟು, ಏನೋ ನೆನಪಾದವರಂತೆ ನನ್ನತ್ತ ನೋಡುತ್ತಾರೆ.

"ಮಧ್ಯಾಹ್ನದ ಹೊತ್ತು. ಬಸ್ಸಲ್ಲಿದ್ದವ್ರೆಲ್ಲಾ ಮಲಗಿದ್ರು," ಎನ್ನುತ್ತಾರೆ. "ನಾನು ಇಳಿದು ಸರಿ ಮಾಡಿ ಬಂದೆ. ಒಬ್ರಿಗೂ ಎಚ್ಚರ ಆಗ್ಲಿಲ್ಲ."